ಉಳಿದಿರುವುದೆಷ್ಟು? ಸರ್ವೈವಲ್ ಹಾರರ್ ಕಥನ ಮತ್ತು ಅಭಿಮಾನಿ ಬರಹಗಾರರ ಸ್ಪರ್ಧೆ



ಕಥನ ಸಾಹಿತ್ಯವನ್ನು ಕುರಿತ ದತ್ತಿ ಉಪನ್ಯಾಸದಲ್ಲಿ ವೀಡಿಯೊ ಗೇಮಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ನಾನು ಎತ್ತಿಕೊಂಡಿರುವ ಪ್ರಶ್ನೆ ಮಾತ್ರ ತುಂಬ ಹಳೆಯದು: ಕಥೆ ಓದುವವರಿಗೆ ಭಯ ಎಲ್ಲಿಂದ ಬರುತ್ತದೆ? ಕಳೆದ ಕೆಲವು ದಶಕಗಳಲ್ಲಿ ಈ ಪ್ರಶ್ನೆಗೆ ಹೊಸ ಸಾಕ್ಷ್ಯಗಳು ಒದಗಿವೆ. ಅವು ಒದಗಿರುವುದು ವಿಮರ್ಶಕರು ಅಷ್ಟಾಗಿ ಸುಳಿಯದ ಕಡೆಯಿಂದ. ಒಂದು, ‘ಸರ್ವೈವಲ್ ಹಾರರ್’ ಎಂದು ಹೆಸರಾದ ಆಟಗಳು. ಇನ್ನೊಂದು, ಆ ಬಗೆಯ ಕಥೆಗಳ ಅಭಿಮಾನಿಗಳು ಅಂತರ್ಜಾಲದಲ್ಲಿ ಪೈಪೋಟಿಗೆ ಬಿದ್ದು ಬರೆದ ಬರಹಗಳು. ಇವೆರಡನ್ನೂ ಜೊತೆಗಿಟ್ಟು ಓದಿದಾಗ ನನಗೆ ತೋರುವ ಉತ್ತರ ಇದು: ಈ ಜಾತಿಯ ಕಥೆಯಲ್ಲಿ ಭಯದ ಬೇರು ಇರುವುದು ಲೆಕ್ಕದಲ್ಲಿ. ಪಾತ್ರದ ಕೈಯಲ್ಲಿ ಇನ್ನೆಷ್ಟು ಉಳಿದಿದೆ ಎಂಬ ಎಣಿಕೆಯನ್ನು ಓದುಗರ ತಲೆಗೆ ಹತ್ತಿಸಿದ ಕಥೆ ಹೆದರಿಸುತ್ತದೆ. ಬರೀ ಪಿಶಾಚಿಯನ್ನು ವರ್ಣಿಸಿದ ಕಥೆ ಒಂದೆರಡು ಪುಟದಲ್ಲಿ ಸಪ್ಪೆಯಾಗುತ್ತದೆ. ಎಣಿಸುವ ವಸ್ತು ಬಂದೂಕಿನ ಗುಂಡಾಗಬಹುದು, ದೀಪದ ಎಣ್ಣೆಯಾಗಬಹುದು, ಜೊತೆಗಾರರಾಗಬಹುದು. ಒಳ್ಳೆಯ ಲೇಖಕರ ಕೈಯಲ್ಲಿ ಅದು ನೆನಪೂ ಆಗಬಹುದು, ಮಾತೂ ಆಗಬಹುದು. ಅಭಿಮಾನಿಗಳ ಸ್ಪರ್ಧೆ ಈ ವಾದಕ್ಕೆ ಒಳ್ಳೆಯ ಒರೆಗಲ್ಲು, ಏಕೆಂದರೆ ಅಲ್ಲಿ ಪಿಶಾಚಿ ಯಾವುದು, ಅದರ ಸ್ವಭಾವವೇನು ಎಂಬುದು ಓದುಗರೆಲ್ಲರಿಗೂ ಮೊದಲೇ ಗೊತ್ತಿರುತ್ತದೆ.

1

ಮೊದಲು ಆಟಗಳನ್ನು ನೋಡೋಣ. 1989ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಫ್ಯಾಮಿಕಾಮ್ ಯಂತ್ರಕ್ಕಾಗಿ ‘ಸ್ವೀಟ್ ಹೋಮ್’ ಎಂಬ ಆಟವನ್ನು ತಂದಿತು. ಕಿಯೋಶಿ ಕುರೊಸಾವಾ ಅದೇ ಹೆಸರಿನಲ್ಲಿ ನಿರ್ದೇಶಿಸಿದ ಸಿನಿಮಾ ಅದಕ್ಕೆ ಆಧಾರ. ಆಟವನ್ನು ರೂಪಿಸಿದವರು ತೊಕುರೊ ಫುಜಿವಾರಾ. ಐದು ಜನ ಒಂದು ಪಾಳು ಬಂಗಲೆಯೊಳಗೆ ಸಿಕ್ಕಿಬೀಳುತ್ತಾರೆ. ಒಬ್ಬರ ಬಳಿ ಲೈಟರ್, ಒಬ್ಬರ ಬಳಿ ಕ್ಯಾಮೆರಾ, ಒಬ್ಬರ ಬಳಿ ಔಷಧಿ, ಒಬ್ಬರ ಬಳಿ ಬೀಗದ ಕೈ, ಮತ್ತೊಬ್ಬರ ಬಳಿ ವ್ಯಾಕ್ಯೂಮ್ ಕ್ಲೀನರ್. ಅದರ ಜೊತೆಗೆ ಪ್ರತಿಯೊಬ್ಬರೂ ಇನ್ನೆರಡೇ ಸಾಮಾನು ಹೊರಬಲ್ಲರು. ಸತ್ತವರು ಸತ್ತರು, ಮತ್ತೆ ಬದುಕುವುದಿಲ್ಲ. ಅವರು ಮಾಡುತ್ತಿದ್ದ ಕೆಲಸಕ್ಕೆ ಬದಲಿ ಸಾಮಾನು ಹುಡುಕಬೇಕು. ಅದನ್ನು ಹೊರಲು ಬದುಕಿದವರ ಚೀಲದಲ್ಲಿ ಜಾಗ ಬೇಕು. ಹೀಗೆ ಒಂದೊಂದು ಸಾವೂ ಉಳಿದವರ ಹೆಗಲ ಮೇಲೆ ಭಾರವಾಗಿ ಕೂರುತ್ತದೆ. ಕೊನೆಯಲ್ಲಿ ಎಷ್ಟು ಜನ ಉಳಿದರು ಎಂಬುದರ ಮೇಲೆ ಕಥೆಯ ಮುಕ್ತಾಯವೇ ಬದಲಾಗುತ್ತದೆ. ಚಿತ್ರಗಳ ದೃಷ್ಟಿಯಿಂದ ಇದು ಇವತ್ತು ತೀರ ಬಡ ಆಟ. ಅದರಲ್ಲಿರುವ ದೆವ್ವಗಳನ್ನು ಕಂಡು ಈಗ ಮಕ್ಕಳೂ ಹೆದರಲಾರರು. ಆದರೂ ಆಟ ಹೆದರಿಸುತ್ತದೆ. ಆ ಭಯ ಎಲ್ಲಿಂದ ಬಂತೆಂದು ಹುಡುಕಿದರೆ ಆ ಐದು ಜನರ, ಆ ಎರಡೆರಡು ಸಾಮಾನಿನ ಲೆಕ್ಕಕ್ಕೇ ಬಂದು ನಿಲ್ಲಬೇಕಾಗುತ್ತದೆ.

ಇದೇ ಕಂಪನಿಯಿಂದ 1996ರ ಮಾರ್ಚಿನಲ್ಲಿ ಬಂದ, ಶಿಂಜಿ ಮಿಕಾಮಿ ನಿರ್ದೇಶನದ ‘ರೆಸಿಡೆಂಟ್ ಈವಿಲ್’ ಈ ಪ್ರಕಾರಕ್ಕೆ ಹೆಸರನ್ನೂ ಜಗತ್ತಿನಾದ್ಯಂತ ಆಟಗಾರರನ್ನೂ ಗಳಿಸಿಕೊಟ್ಟಿತು. ಇಲ್ಲಿ ಕ್ರಿಸ್ ಎಂಬ ಪಾತ್ರಕ್ಕೆ ಸಾಮಾನು ಇಡಲು 6 ಖಾನೆಗಳು, ಜಿಲ್ ಎಂಬ ಪಾತ್ರಕ್ಕೆ 8. ಪಿಸ್ತೂಲಿಗೊಂದು, ಗುಂಡಿಗೊಂದು, ಗಾಯಕ್ಕೆ ಹಚ್ಚುವ ಗಿಡಮೂಲಿಕೆಗೊಂದು ಎಂದು ಖಾನೆಗಳೆಲ್ಲ ತುಂಬಿದರೆ, ಬಾಗಿಲ ಬೀಗದ ಕೈಗೆ ಜಾಗವಿಲ್ಲದೆ ಬಂದ ದಾರಿಯಲ್ಲೇ ಹಿಂದೆ ಹೋಗಬೇಕು. ಎದುರಾಗುವ ನಡೆದಾಡುವ ಶವಗಳನ್ನೆಲ್ಲ ಕೊಲ್ಲುತ್ತಾ ಹೋಗುವಷ್ಟು ಧಾರಾಳವಾಗಿ ಗುಂಡು ಸಿಗುವುದಿಲ್ಲ. ಕೆಲವನ್ನು ಓಣಿಯಲ್ಲೇ ಬಿಟ್ಟು ಬಳಸಿಕೊಂಡು ಹೋಗುವುದು ಜಾಣತನ. ಹಾಗೆ ಬಿಟ್ಟು ಹೋದ ಓಣಿಗೆ ಮತ್ತೆ ಕಾಲಿಡಬೇಕಾದಾಗ ಆಗುವ ಅಳುಕಿಗೆ ಶವದ ಮುಖ ಕಾರಣವಲ್ಲ, ಹಿಂದೆ ಉಳಿಸಿದ ನಾಲ್ಕು ಗುಂಡು ಕಾರಣ. ಇದೆಲ್ಲಕ್ಕಿಂತ ಸೂಕ್ಷ್ಮವಾದದ್ದು ಟೈಪ್‌ರೈಟರಿನ ವ್ಯವಸ್ಥೆ. ಆಟವನ್ನು ಅಲ್ಲಿಯವರೆಗೆ ಉಳಿಸಿಟ್ಟುಕೊಳ್ಳಬೇಕಾದರೆ ಟೈಪ್‌ರೈಟರ್ ಇರುವ ಕೋಣೆಗೆ ಹೋಗಿ ಒಂದು ಶಾಯಿ ರಿಬ್ಬನ್ ಖರ್ಚು ಮಾಡಬೇಕು. ರಿಬ್ಬನ್ನುಗಳು ಎಣಿಕೆಯವು. ಅಂದರೆ ನಡೆದದ್ದನ್ನು ದಾಖಲಿಸುವ ಕೆಲಸಕ್ಕೂ ಬೆಲೆ ಕಟ್ಟಲಾಗಿದೆ. ಮುಂದೆ ಅಭಿಮಾನಿ ಬರಹಗಾರರು ಬೆಳೆಸಿಕೊಂಡ ಎಳೆ ಇದು.

ಎಣಿಸುವ ವಸ್ತುವನ್ನು ಬದಲಾಯಿಸುತ್ತಾ ಈ ಪ್ರಕಾರ ಬೆಳೆಯಿತು. ಕೊನಾಮಿಯ ‘ಸೈಲೆಂಟ್ ಹಿಲ್’ (1999) ಆಟದಲ್ಲಿ ಊರನ್ನೆಲ್ಲ ಮಂಜು ಕವಿದಿದೆ. ದೂರದ ದೃಶ್ಯಗಳನ್ನು ಬಿಡಿಸಲು ಅಂದಿನ ಪ್ಲೇಸ್ಟೇಷನ್ ಯಂತ್ರಕ್ಕೆ ತ್ರಾಣ ಸಾಲದಿದ್ದದ್ದು ಆ ಮಂಜಿಗೆ ಒಂದು ಕಾರಣ. ಆದರೆ ಆ ಕೊರತೆಯೇ ಕಥೆಯ ಗುಣವಾಯಿತು, ಕಣ್ಣಿಗೆ ಎಟುಕುವ ನಾಲ್ಕಾರು ಹೆಜ್ಜೆ ದೂರವೇ ಆಟಗಾರನ ಆಸ್ತಿಯಾಯಿತು. ಪ್ರಾಣಿಗಳು ಹತ್ತಿರ ಬಂದಾಗ ಜೇಬಿನ ರೇಡಿಯೊ ಗೊರಗುಟ್ಟುತ್ತದೆ: ಏನೋ ಇದೆ ಎಂದು ಹೇಳುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ. 2010ರ ‘ಅಮ್ನೀಸಿಯಾ’ ಆಯುಧಗಳನ್ನೇ ಕಿತ್ತುಕೊಂಡಿತು. ಅಲ್ಲಿ ಲಾಂದ್ರದ ಎಣ್ಣೆ ಮತ್ತು ಬೆಂಕಿ ಹೊತ್ತಿಸುವ ಪೆಟ್ಟಿಗೆಗಳ ಮೇಲೆ ಜೀವನ. ಕತ್ತಲಲ್ಲಿ ನಿಂತರೆ ಬುದ್ಧಿ ಕೆಡುತ್ತದೆ, ಪಿಶಾಚಿಯನ್ನು ದಿಟ್ಟಿಸಿದರೂ ಕೆಡುತ್ತದೆ. ಪಿಶಾಚಿಯನ್ನು ಸರಿಯಾಗಿ ನೋಡದಂತೆ ತಡೆಯುವ ಆಟ ನೋಡಿದಷ್ಟೂ ಹೆದರಿಸುವ ಆಟಗಳಿಗಿಂತ ಹೆಚ್ಚು ಹೆದರಿಸಿತು ಎಂಬುದು ನನ್ನ ವಾದಕ್ಕೆ ಮೊದಲ ಪುರಾವೆ.

2

ಆಟದಿಂದ ಬರಹಕ್ಕೆ ಹೋಗುವ ದಾರಿ ಆಟದ ಒಳಗೇ ಇದೆ. 1992ರ ‘ಅಲೋನ್ ಇನ್ ದ ಡಾರ್ಕ್’ ಕಾಲದಿಂದಲೂ ಇಂಥ ಬಂಗಲೆಗಳ ಕಪಾಟುಗಳಲ್ಲಿ, ಮೇಜುಗಳ ಮೇಲೆ ಪತ್ರ, ಡೈರಿ, ಪುಸ್ತಕಗಳು ಬಿದ್ದಿರುತ್ತವೆ. ಆ ಆಟದಲ್ಲಿ ಕೆಲವು ಪುಸ್ತಕಗಳನ್ನು ಓದಿದರೆ ಓದಿದವರೇ ಸಾಯುತ್ತಾರೆ. ‘ರೆಸಿಡೆಂಟ್ ಈವಿಲ್’ನಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ನೌಕರನ ಡೈರಿ ಸಿಗುತ್ತದೆ. ಕೆಲವೇ ಪುಟಗಳ ಬರಹ. ಅಭಿಮಾನಿಗಳ ನಡುವೆ ಅದು ಇಡೀ ಆಟದಷ್ಟೇ ಪ್ರಸಿದ್ಧ. ಮೊದಲ ಪುಟದಲ್ಲಿ ಅವನು ಕಾವಲಿನವರ ಜೊತೆ ಇಸ್ಪೀಟು ಆಡಿದ್ದು, ಗೆದ್ದವನು ಮೋಸ ಮಾಡಿರಬೇಕೆಂಬ ಗೊಣಗಾಟ. ಆಮೇಲೆ ಹೊಸ ಪ್ರಾಣಿಯೊಂದು ಬಂದ ಸುದ್ದಿ, ಅದಕ್ಕೆ ಮೇವು ಹಾಕುವ ಕೆಲಸ. ಮುಂದೆ ಬಂಗಲೆಯಲ್ಲಿ ಏನೋ ಅವಘಡ, ಎಲ್ಲರೂ ರಕ್ಷಣಾ ಉಡುಪು ತೊಡಬೇಕೆಂಬ ಆಜ್ಞೆ. ಆಮೇಲೆ ಬೆನ್ನಿನಲ್ಲಿ ತುರಿಕೆ, ಕೆರೆದ ಕಡೆ ಕಿತ್ತು ಬರುವ ಮಾಂಸ. ದಿನ ಕಳೆದಂತೆ ವಾಕ್ಯಗಳು ಗಿಡ್ಡವಾಗುತ್ತವೆ, ವ್ಯಾಕರಣ ಸಡಿಲವಾಗುತ್ತದೆ, ದಿನಾಂಕ ಬರೆಯುವುದು ತಪ್ಪುತ್ತದೆ. ಕೊನೆಗೆ ಉಳಿಯುವುದು ಒಂದೊಂದೇ ಪದ: ಒಂದು ತುರಿಕೆಯದು, ಒಂದು ರುಚಿಯದು.

ಈ ಡೈರಿ ಏಕೆ ಅಷ್ಟು ಗಾಢವಾಗಿ ನಾಟುತ್ತದೆ? ರೂಪಾಂತರವನ್ನು ಅದು ಎಲ್ಲೂ ವರ್ಣಿಸುವುದಿಲ್ಲ. ಆತ ಅಂಥ ನಡೆದಾಡುವ ಶವವಾದ ಕ್ಷಣ ಯಾವುದೆಂದು ಬೆರಳಿಟ್ಟು ತೋರಿಸಲಾಗದು. ನಮ್ಮ ಮುಂದೆ ಖರ್ಚಾಗುತ್ತಿರುವುದು ಮನುಷ್ಯನಿಗೆ ಕೊನೆಯವರೆಗೂ ಉಳಿದಿರುತ್ತದೆಂದು ನಾವು ನಂಬಿರುವ ವಸ್ತು, ಅವನ ಮಾತು. ಇಸ್ಪೀಟಿನ ಗೊಣಗಾಟ ಇಲ್ಲಿ ಹಗುರವಾದ ಪೀಠಿಕೆಯೇನಲ್ಲ; ಅದು ಲೆಕ್ಕದ ಮೊದಲ ಸಾಲು. ಸಂಶಯಪಡಬಲ್ಲ, ಹೊಟ್ಟೆಕಿಚ್ಚುಪಡಬಲ್ಲ, ಪೂರ್ತಿ ವಾಕ್ಯ ಬರೆಯಬಲ್ಲ ಮನುಷ್ಯ ಮೊದಲ ದಿನ ಎಷ್ಟಿದ್ದ ಎಂಬುದು ದಾಖಲಾಗದಿದ್ದರೆ ಕೊನೆಯ ದಿನ ಎಷ್ಟು ಕಳೆದುಹೋದ ಎಂಬುದು ತಿಳಿಯುತ್ತಿರಲಿಲ್ಲ. ಆಟದ ಯಂತ್ರ, ಚಿತ್ರ, ಸಂಗೀತ ಯಾವುದರ ನೆರವೂ ಇಲ್ಲದೆ ಬರೀ ಗದ್ಯ ಸರ್ವೈವಲ್ ಹಾರರ್‌ನ ಕೆಲಸವನ್ನು ಮಾಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಅಭಿಮಾನಿ ಬರಹಗಾರರ ಒಂದು ಪೀಳಿಗೆ ಆಟಗಳಲ್ಲಿ ಬಿದ್ದಿದ್ದ ಇಂಥ ಕಾಗದಗಳಿಂದಲೇ ಕಸುಬು ಕಲಿಯಿತು.

3

ಭಯದ ಕಥೆಯನ್ನು ಪೈಪೋಟಿಗಿಟ್ಟು ಬರೆಯುವುದು ಅಂತರ್ಜಾಲದ ಆವಿಷ್ಕಾರವಲ್ಲ. ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದು ಮರುವರ್ಷ ಯುರೋಪಿಗೆ ಬೇಸಿಗೆಯೇ ಬಾರದಾಯಿತು. ಆ 1816ರ ಜೂನ್‌ನಲ್ಲಿ ಜಿನೀವಾ ಸರೋವರದ ದಡದ ಡಿಯೊಡಾಟಿ ಮನೆಯಲ್ಲಿ ಮಳೆಗೆ ಸಿಕ್ಕಿ ಕೂತವರು ಜರ್ಮನ್ ದೆವ್ವದ ಕಥೆಗಳ ಫ್ರೆಂಚ್ ಅನುವಾದವೊಂದನ್ನು ಓದಿ, ನಾವೂ ಒಬ್ಬೊಬ್ಬರು ಒಂದೊಂದು ಬರೆಯೋಣ ಎಂದು ಬೈರನ್ ಹೇಳಿದ ಮಾತಿಗೆ ಒಪ್ಪಿದರು. ಮೇರಿ ಶೆಲ್ಲಿ ಬರೆದದ್ದು 1818ರಲ್ಲಿ ‘ಫ್ರಾಂಕೆನ್‌ಸ್ಟೈನ್’ ಆಗಿ ಪ್ರಕಟವಾಯಿತು. ಬೈರನ್ ಅರ್ಧಕ್ಕೆ ಬಿಟ್ಟ ಕಥೆಯ ತುಣುಕನ್ನು ಅವನ ವೈದ್ಯ ಪೊಲಿಡೊರಿ ಎತ್ತಿಕೊಂಡು ಬೆಳೆಸಿದ್ದು ‘ದ ವ್ಯಾಂಪೈರ್’. 1819ರಲ್ಲಿ ಅದು ಬೈರನ್ನನ ಹೆಸರಿನಲ್ಲೇ ಅಚ್ಚಾಯಿತು. ಇಂಗ್ಲಿಷಿನ ರಕ್ತಪಿಶಾಚಿ ಕಥೆಗಳ ಪರಂಪರೆಗೆ ಮೂಲವಾದ ಕೃತಿ ಇನ್ನೊಬ್ಬರ ಕಥೆಯನ್ನು ಅಭಿಮಾನಿಯೊಬ್ಬ ಮುಂದುವರಿಸಿದ ಬರಹ. ಮೊದಲು ಓದುಗರಾಗಿದ್ದವರು, ಅದೇ ಓದಿನ ಬಿಸಿಯಲ್ಲಿ, ಒಬ್ಬರನ್ನೊಬ್ಬರು ಮೀರಿಸುವ ಹಟದಿಂದ ಬರೆದದ್ದು ಎನ್ನುವಲ್ಲಿ ಡಿಯೊಡಾಟಿಯ ಕೂಟಕ್ಕೂ ಇಂದಿನ ಸ್ಪರ್ಧೆಗಳಿಗೂ ನಂಟಿದೆ.

ಇಂದಿನ ಸ್ಪರ್ಧೆಗಳ ಪೈಕಿ ನಾನು ಆರಿಸಿಕೊಂಡಿರುವುದು ‘ಎಸ್‌ಸಿಪಿ ಫೌಂಡೇಶನ್’ ಎಂಬ ಸಾಮೂಹಿಕ ಕಥಾಲೋಕದ್ದು. 2007ರಲ್ಲಿ ಹೆಸರು ಹಾಕದ ಯಾರೋ ಒಬ್ಬರು ಬರೆದ ಒಂದು ಪುಟ್ಟ ಬರಹದಿಂದ ಇದು ಶುರುವಾಯಿತು. ಕಾಂಕ್ರೀಟಿನ ಒಂದು ಬೊಂಬೆ. ಯಾರಾದರೂ ನೋಡುತ್ತಿರುವಷ್ಟು ಹೊತ್ತು ಅಲುಗದು, ಕಣ್ಣು ಮಿಟುಕಿಸಿದರೆ ಬಂದು ಕತ್ತು ಮುರಿಯುತ್ತದೆ. ಅದರ ಸಂಖ್ಯೆ 173. ಬರಹದ ರೂಪ ಕಥೆಯದಲ್ಲ, ಇಂಥ ಅಸಹಜ ವಸ್ತುಗಳನ್ನು ಗುಟ್ಟಾಗಿ ಬಂಧಿಸಿಡುವ ಕಲ್ಪಿತ ಸಂಸ್ಥೆಯ ಕಡತದ್ದು: ವಸ್ತುವಿನ ಸಂಖ್ಯೆ, ಅದರ ವರ್ಗ, ಅದನ್ನು ಬಂಧನದಲ್ಲಿಡುವ ವಿಧಾನ, ವಿವರಣೆ. ಕೋಣೆಗೆ ಒಬ್ಬೊಬ್ಬರೇ ಹೋಗಕೂಡದು, ಕಣ್ಣು ಮಿಟುಕಿಸುವ ಮೊದಲು ಉಳಿದವರಿಗೆ ಹೇಳಬೇಕು ಎಂಬ ಒಣ ನಿಯಮಗಳಲ್ಲೇ ಕಥೆಯ ಭಯವೆಲ್ಲ ಅಡಗಿದೆ. ಇಲ್ಲಿ ಎಣಿಕೆಗೆ ಸಿಕ್ಕಿರುವುದು ಕಣ್ಣಿನ ರೆಪ್ಪೆ. 2012ರಲ್ಲಿ ಇದೇ ಲೋಕವನ್ನು ಆಧರಿಸಿ ‘ಕಂಟೇನ್‌ಮೆಂಟ್ ಬ್ರೀಚ್’ ಎಂಬ ಸರ್ವೈವಲ್ ಹಾರರ್ ಆಟ ಬಂದಾಗ ಪರದೆಯ ಮೂಲೆಯಲ್ಲಿ ರೆಪ್ಪೆ ಬಡಿಯಲು ಎಷ್ಟು ಹೊತ್ತಿದೆ ಎಂದು ತೋರಿಸುವ ಒಂದು ಪಟ್ಟಿ ಇತ್ತು. ಅದು ಕ್ಷಣಕ್ಷಣವೂ ಕಡಿಮೆಯಾಗುತ್ತಿತ್ತು. ಆಟದಿಂದ ಗದ್ಯಕ್ಕೆ ಬಂದ ಲೆಕ್ಕ ಗದ್ಯದಿಂದ ಆಟಕ್ಕೆ ಹಿಂತಿರುಗಿದ್ದು ಹೀಗೆ.

ಈ ಲೋಕದಲ್ಲಿ ಬರೆಯುವವರು ಸಾಮಾನ್ಯವಾಗಿ ಅಡ್ಡಹೆಸರಿನ ಹವ್ಯಾಸಿಗಳು. ಓದುಗರು ಮೆಚ್ಚಿದರೆ ಒಂದು ಅಂಕ ಕೂಡಿಸುತ್ತಾರೆ, ಮೆಚ್ಚದಿದ್ದರೆ ಒಂದು ಕಳೆಯುತ್ತಾರೆ. ಒಟ್ಟು ಅಂಕ ಸೊನ್ನೆಗಿಂತ ಹತ್ತು ಕೆಳಗಿಳಿದರೆ ಬರಹವನ್ನೇ ತೆಗೆದುಹಾಕಬಹುದು. ಸಂಖ್ಯೆಗಳ ಸರಣಿ ಸಾವಿರ ಮುಟ್ಟಿದಾಗಲೆಲ್ಲ ಒಂದು ಸ್ಪರ್ಧೆ. ಅತಿ ಹೆಚ್ಚು ಅಂಕ ಪಡೆದ ಬರಹಕ್ಕೆ ಆ ದುಂಡು ಸಂಖ್ಯೆ ಸಲ್ಲುತ್ತದೆ. ಹಣವಿಲ್ಲ, ಪುಸ್ತಕ ಪ್ರಕಟಣೆಯ ಆಸೆಯಿಲ್ಲ. 2000ದ ಸ್ಪರ್ಧೆಗೆ ವೈಜ್ಞಾನಿಕ ಕಥೆ, 4000ಕ್ಕೆ ಇತಿಹಾಸ, 5000ಕ್ಕೆ ನಿಗೂಢ, ಹೀಗೆ ಒಂದೊಂದು ಸಲ ಒಂದೊಂದು ವಿಷಯ. 2017ರಲ್ಲಿ ನಡೆದ 3000ದ ಸ್ಪರ್ಧೆಯ ವಿಷಯ ಭಯ. ಹತ್ತು ವರ್ಷಗಳಿಂದ ಭಯವನ್ನೇ ಬರೆಯುತ್ತಾ ಬಂದ ಕೂಟಕ್ಕೆ ಭಯವನ್ನೇ ವಿಷಯವಾಗಿ ಕೊಟ್ಟದ್ದು ಕಠಿಣ ಪರೀಕ್ಷೆ. ಪಿಶಾಚಿಗಳ ವೈವಿಧ್ಯವೆಲ್ಲ ಅಷ್ಟರಲ್ಲಿ ಬಳಸಿ ಹಳಸಿತ್ತು.

4

ಗೆದ್ದ ಬರಹ ಮೂವರು ಸೇರಿ ಬರೆದದ್ದು. ಅದರ ಹೆಸರು ‘ಅನಂತಶೇಷ’. ನಮಗೆ ಕ್ಷೀರಸಾಗರದಲ್ಲಿ ವಿಷ್ಣುವಿನ ಹಾಸಿಗೆಯಾಗಿ ಗೊತ್ತಿರುವ ಆ ಹೆಸರು ಇಲ್ಲಿ ಬಂಗಾಳ ಕೊಲ್ಲಿಯ ತಳದಲ್ಲಿ ಮಲಗಿರುವ, ಹಾವುಮೀನಿನಂಥ ಒಂದು ದೈತ್ಯ ಪ್ರಾಣಿಗೆ ಸಂದಿದೆ. ಪುರಾಣದ ಹೆಸರನ್ನು ಹೊರಗಿನವರು ಎತ್ತಿಕೊಂಡದ್ದರ ಬಗ್ಗೆ ತಕರಾರು ಮಾಡಬಹುದು. ಆದರೆ ಕಥೆಯ ಬಲ ಹೆಸರಿನಲ್ಲೂ ಇಲ್ಲ, ಪ್ರಾಣಿಯ ಗಾತ್ರದಲ್ಲೂ ಇಲ್ಲ. ಆ ಪ್ರಾಣಿಯ ಬಳಿ ಸುಳಿದವರ ನೆನಪು ಸವೆಯುತ್ತದೆ, ಒಬ್ಬರ ನೆನಪು ಇನ್ನೊಬ್ಬರದರೊಳಗೆ ಕಲೆಯುತ್ತದೆ. ಅದು ಮನುಷ್ಯರನ್ನು ತಿಂದಾಗ ಅದರ ಚರ್ಮದಿಂದ ಒಂದು ಅಂಟು ದ್ರವ ಒಸರುತ್ತದೆ. ಆ ದ್ರವವೇ ಮರೆವಿನ ಮದ್ದಿಗೆ ಮೂಲವಸ್ತು.

ಇದರ ಪೆಟ್ಟು ತಿಳಿಯಬೇಕಾದರೆ ಆ ಲೋಕದ ಓದುಗರ ಸ್ಥಾನದಲ್ಲಿ ನಿಂತು ನೋಡಬೇಕು. ಅಲ್ಲಿಯವರೆಗಿನ ನೂರಾರು ಕಥೆಗಳಲ್ಲಿ ಮರೆವಿನ ಮದ್ದು ಒಂದು ಅನುಕೂಲದ ಸಾಧನವಾಗಿತ್ತು. ಯಾರಾದರೂ ಕಾಣಬಾರದ್ದನ್ನು ಕಂಡರೆ ಮದ್ದು ಕೊಟ್ಟು ಮನೆಗೆ ಕಳಿಸಲಾಯಿತು ಎಂದು ಕೊನೆಯಲ್ಲಿ ಒಂದು ಸಾಲು ಬರೆದರೆ ಕಡತ ಮುಗಿಯುತ್ತಿತ್ತು. ಆ ಮದ್ದು ಎಲ್ಲಿಂದ ಬರುತ್ತದೆಂದು ಕೇಳಬೇಕೆಂಬುದೇ ಓದುಗರಿಗೆ ಹೊಳೆದಿರಲಿಲ್ಲ. ‘ಅನಂತಶೇಷ’ ಆ ಪ್ರಶ್ನೆಯನ್ನು ಎತ್ತಿ, ಉತ್ತರವನ್ನು ಅದೇ ಕಡತದ ಒಣ ಭಾಷೆಯಲ್ಲಿ ಕೊಟ್ಟಿತು: ಇಂತಿಷ್ಟು ಮದ್ದಿಗೆ ಇಂತಿಷ್ಟು ಮನುಷ್ಯರು. ಹಿಂದೆ ನಿಶ್ಚಿಂತೆಯಿಂದ ಓದಿದ್ದ ಕಥೆಗಳ ಕೊನೆಯ ಸಾಲುಗಳೆಲ್ಲ ಒಮ್ಮೆಲೇ ಸಾಲದ ಬಾಕಿಯಾಗಿ ಎದುರು ನಿಂತವು. ಪ್ರಾಣಿ ಹೊಸದು ನಿಜ. ಆದರೆ ಓದುಗರನ್ನು ನಡುಗಿಸಿದ್ದು ಹಳೆಯ ಖಾತೆಯ ಹೊಸ ಲೆಕ್ಕ. ಒಂಟಿ ಲೇಖಕರ ಸ್ವತಂತ್ರ ಕಥೆಯಲ್ಲಿ ಇದು ಸಾಧ್ಯವಿರಲಿಲ್ಲ. ಹಲವು ಕೈಗಳು ವರ್ಷಗಟ್ಟಲೆ ಬರೆದು, ಅಷ್ಟೇ ಜನ ಓದಿ, ಒಂದು ಅನುಕೂಲವನ್ನು ಸಹಜವೆಂದು ಒಪ್ಪಿಕೊಂಡ ಮೇಲಷ್ಟೇ ಅದರ ಬೆಲೆಯನ್ನು ಹೀಗೆ ಬಯಲಿಗೆಳೆಯಬಹುದು. ಅಭಿಮಾನಿ ಬರಹಕ್ಕೆ ಅದರದೇ ಆದ ಒಂದು ಕಲಾಸಾಧ್ಯತೆ ಇದೆ ಎಂದು ನಾನು ಹೇಳುವುದು ಈ ಆಧಾರದ ಮೇಲೆ.

ಅದೇ ಸ್ಪರ್ಧೆಗೆ ಬಂದ 3001ನೆಯ ಬರಹ ಇನ್ನೊಂದು ದಾರಿ ಹಿಡಿಯಿತು. ವಿಜ್ಞಾನಿಯೊಬ್ಬ ಅಪಘಾತದಲ್ಲಿ ಬೇರೊಂದು ಲೋಕಕ್ಕೆ ಬೀಳುತ್ತಾನೆ. ಅಲ್ಲಿ ಪಿಶಾಚಿಯಿಲ್ಲ, ಏನೆಂದರೆ ಏನೂ ಇಲ್ಲ. ಅವನ ಜೊತೆ ಬಂದ ಒಂದು ಧ್ವನಿಮುದ್ರಣ ಯಂತ್ರ, ಅದರ ಕೆಂಪು ದೀಪ, ಅಷ್ಟೇ. ಐದು ವರ್ಷಕ್ಕೂ ಮಿಕ್ಕಿ ಅವನಾಡಿದ ಮಾತುಗಳೇ ಬರಹದ ಶರೀರ. ಹೆಂಡತಿಯನ್ನು ನೆನೆಯುವುದು, ತನಗೆ ತಾನೇ ಜೋಕು ಹೇಳಿಕೊಳ್ಳುವುದು, ಕೆಂಪು ದೀಪವನ್ನೇ ಗೆಳೆಯನಂತೆ ಮಾತಾಡಿಸುವುದು, ಕೊನೆಕೊನೆಗೆ ಮಾತು ಚೂರುಚೂರಾಗುವುದು. ಪ್ರಾಣಿಪಾಲಕನ ಡೈರಿಯ ಸಂತಾನ ಇದು ಎಂದು ಬೇರೆ ಹೇಳಬೇಕಿಲ್ಲ. ಅಲ್ಲಿ ಒಂದು ಸೋಂಕಾದರೂ ಇತ್ತು. ಇಲ್ಲಿ ಅದನ್ನೂ ತೆಗೆದು ಲೆಕ್ಕವೊಂದನ್ನೇ ಉಳಿಸಿದ್ದಾರೆ. ಇದೇ ಕಾಲದ ಇನ್ನೊಂದು ಪ್ರಸಿದ್ಧ ಬರಹ 3008ನೆಯದು. ಬೆಂಗಳೂರಿನ ನಾಗಸಂದ್ರದಲ್ಲಿ 2022ರಲ್ಲಿ ತೆರೆದ ಐಕಿಯಾ ನಿಮಗೆ ಗೊತ್ತು. ಅಂಥ ಒಂದು ಪೀಠೋಪಕರಣ ಮಳಿಗೆ ಕೊನೆಯೇ ಇಲ್ಲದಂತೆ ಚಾಚಿಕೊಂಡು, ಒಳಗೆ ಸಿಕ್ಕವರು ಮಂಚ ಕಪಾಟುಗಳಿಂದ ಕೋಟೆ ಕಟ್ಟಿಕೊಂಡು ಬದುಕುತ್ತಾರೆ. ಹಗಲು ದೀಪವಿರುವಷ್ಟು ಹೊತ್ತು ಮುಖವಿಲ್ಲದ ಸಿಬ್ಬಂದಿ ತಮ್ಮ ಪಾಡಿಗೆ ಓಡಾಡುತ್ತಾರೆ. ದೀಪ ಆರಿತೆಂದರೆ, ಅಂಗಡಿ ಮುಚ್ಚಿದೆ, ಹೊರಡಿ ಎಂದು ವಿನಯದಿಂದ ಹೇಳುತ್ತಲೇ ಮೈಮೇಲೆ ಬೀಳುತ್ತಾರೆ. ದೀಪ ಆರಲು ಇನ್ನೆಷ್ಟು ಹೊತ್ತು ಎಂಬುದೊಂದೇ ಅಲ್ಲಿ ಸಿಕ್ಕಿಬಿದ್ದವನೊಬ್ಬನ ಡೈರಿಯ ಚಿಂತೆ.

5

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ತತ್ತ್ವಶಾಸ್ತ್ರದ ಕಡೆಯಿಂದ. ನೋಯಲ್ ಕ್ಯಾರಲ್ 1990ರಲ್ಲಿ ಪ್ರಕಟಿಸಿದ ಭಯಕಥೆಯ ಮೀಮಾಂಸೆಯಲ್ಲಿ, ನಮ್ಮ ವರ್ಗೀಕರಣಗಳಿಗೆ ಸಿಗದ ಜೀವಿಯೊಂದು ಕುತೂಹಲ ಕೆರಳಿಸುತ್ತದೆ, ಅದನ್ನು ಹಂತಹಂತವಾಗಿ ಕಂಡುಹಿಡಿಯುವುದರಲ್ಲೇ ಈ ಕಥೆಗಳ ಸುಖವಿದೆ ಎಂಬ ನಿಲುವು ತಾಳಿದ್ದಾರೆ. ಅನೇಕ ಕಾದಂಬರಿ, ಸಿನಿಮಾಗಳಿಗೆ ಈ ಮಾತು ಒಪ್ಪುತ್ತದೆ. ಆದರೆ ಅಭಿಮಾನಿ ಬರಹದಲ್ಲಿ ಆವಿಷ್ಕಾರದ ಈ ಸುಖಕ್ಕೆ ಹೆಚ್ಚು ಜಾಗವಿಲ್ಲ. 173ನೆಯ ಬೊಂಬೆಯ ಗುಣವನ್ನು ಅದರ ಬಗ್ಗೆ ಬರೆದ ಇಪ್ಪತ್ತನೆಯ ಕಥೆ ಓದುವವರು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಆದರೂ ಇಪ್ಪತ್ತನೆಯ ಕಥೆ ಹೆದರಿಸಬಲ್ಲದು. ಕುತೂಹಲವನ್ನು ಕಳೆದ ಮೇಲೂ ಭಯ ಉಳಿಯುತ್ತದೆ ಎಂದಾದರೆ ಭಯಕ್ಕೆ ಬೇರೊಂದು ಆಧಾರ ಇರಲೇಬೇಕು. ನಾನು ಲೆಕ್ಕ ಎನ್ನುತ್ತಿರುವುದು ಆ ಆಧಾರವನ್ನು. ಬೊಂಬೆ ಏನು ಮಾಡುತ್ತದೆಂದು ತಿಳಿದಿರುವುದರಿಂದಲೇ ಕೋಣೆಯಲ್ಲಿ ಮೂವರಿದ್ದವರು ಇಬ್ಬರಾದಾಗ ನಮ್ಮ ಎದೆ ಹೊಡೆದುಕೊಳ್ಳುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಆಟದಲ್ಲಿ ಗುಂಡು ಮುಗಿದರೆ ಸೋಲುವವನು ಆಟಗಾರ, ಓದುಗನಿಗೆ ಸೋಲೆಲ್ಲಿದೆ? ಪುಟ ಮಗುಚಿದರಾಯಿತು. ಹಾಗಾಗಿ ಆಟದ ಭಯ ಬರಹಕ್ಕೆ ದಾಟುವುದೇ ಇಲ್ಲ ಎಂದು ವಾದಿಸಬಹುದು. ಇದಕ್ಕೆ ಉತ್ತರವನ್ನು ನಮ್ಮ ಕಾವ್ಯಮೀಮಾಂಸೆಯಲ್ಲಿ ಹುಡುಕುವುದು ಲೇಸು. ಭಯಾನಕ ರಸದ ಅನುಭವ ಹೇಗಾಗುತ್ತದೆಂದು ವಿವರಿಸುವಾಗ ಅಭಿನವಗುಪ್ತ ‘ಶಾಕುಂತಲ’ದ ಮೊದಲ ಅಂಕದ ಜಿಂಕೆಯನ್ನು ಉದಾಹರಿಸುತ್ತಾನೆ. ದುಷ್ಯಂತನ ಬಾಣಕ್ಕೆ ಬೆದರಿ ಓಡುವ ಆ ಜಿಂಕೆಯ ಭಯ ಸಹೃದಯನಲ್ಲಿ ಉಂಟಾದಾಗ ಅದು ‘ನನ್ನ ಭಯ’ವೂ ಅಲ್ಲ, ‘ಆ ಜಿಂಕೆಯ ಭಯ’ವೂ ಅಲ್ಲ, ಇಂಥ ದೇಶ, ಇಂಥ ಕಾಲ, ಇಂಥವರದು ಎಂಬ ಕಟ್ಟುಗಳನ್ನು ಕಳಚಿಕೊಂಡ ಭಯ. ಸ್ವಂತ ಪ್ರಾಣಕ್ಕೆ ಅಪಾಯವಿದ್ದಿದ್ದರೆ ಅದು ಲೌಕಿಕ ಭಯವಾಗುತ್ತಿತ್ತು, ರಸವಾಗುತ್ತಿರಲಿಲ್ಲ. ಈ ನೋಟದಿಂದ ಓದುಗನ ಕೈಯಲ್ಲಿ ಗುಂಡಿ ಒತ್ತುವ ಯಂತ್ರ ಇಲ್ಲದಿರುವುದು ಕೊರತೆಯಲ್ಲ. ಆಟಗಾರ ತನ್ನ ಸೋಲನ್ನು ಎಣಿಸುತ್ತಾನೆ. ಓದುಗ, ಏನನ್ನೂ ಬದಲಿಸಲಾಗದ ಜಾಗದಲ್ಲಿ ಕೂತು, ಇನ್ನೊಂದು ಜೀವದ ಬಳಿ ಉಳಿದಿರುವುದನ್ನು ಎಣಿಸುತ್ತಾನೆ. ಆ ಜಿಂಕೆಯ ಚಿತ್ರದಲ್ಲೂ ಕಾಳಿದಾಸ ಎಣಿಕೆಗೆ ಸಿಗುವ ವಿವರಗಳನ್ನೇ ಇಟ್ಟಿದ್ದಾನೆ: ತಿರುತಿರುಗಿ ನೋಡುವ ಕತ್ತು, ಬಾಣದ ಅಂಜಿಕೆಯಿಂದ ಮುದುಡಿಕೊಂಡ ಹಿಂಭಾಗ, ಬಳಲಿ ತೆರೆದ ಬಾಯಿಂದ ದಾರಿಯುದ್ದಕ್ಕೂ ಉದುರುವ ಅರ್ಧ ಅಗಿದ ಹುಲ್ಲು.

ಮೂರನೆಯದು, ಇದೆಲ್ಲ ಎರವಲು ಸಾಹಿತ್ಯ, ಸ್ವಂತ ಕಲ್ಪನೆ ಇಲ್ಲದವರ ಕಸರತ್ತು ಎಂಬ ತಾತ್ಸಾರ. ಕನ್ನಡದ ಓದುಗರಿಗೆ ಈ ಮಾತು ಹೇಳಬೇಕಾದವರು ಸ್ವಲ್ಪ ಯೋಚಿಸಬೇಕು. ರನ್ನನ ಗದಾಯುದ್ಧದ ವಸ್ತು ವ್ಯಾಸನದು, ಅದರ ಮೇಲೆ ಪಂಪನ ನೆರಳಿದೆ, ಕೊನೆಗೆ ಏನಾಗುತ್ತದೆಂದು ಕೇಳುಗರೆಲ್ಲರಿಗೂ ಗೊತ್ತಿತ್ತು. ಹನ್ನೊಂದು ಅಕ್ಷೋಹಿಣಿಯ ಒಡೆಯನಾಗಿದ್ದ ದುರ್ಯೋಧನ ಸಂಜಯನೊಬ್ಬನ ಜೊತೆ ರಣರಂಗದ ಹೆಣಗಳ ನಡುವೆ ನಡೆಯುತ್ತಾನೆ. ಮರುಳುಗಳು ಅವನನ್ನು ಅಣಕಿಸುತ್ತವೆ. ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಒಬ್ಬೊಬ್ಬರಾಗಿ ಹೆಣವಾಗಿ ಎದುರಾಗುತ್ತಾರೆ. ಆ ನಡಿಗೆ ಹುಟ್ಟಿಸುವ ತಲ್ಲಣದಲ್ಲಿ ಮರುಳುಗಳ ಪಾಲು ಕಡಿಮೆ. ದುರ್ಯೋಧನನಿಗೆ ಇನ್ನು ಯಾರು ಉಳಿದರು ಎಂಬ ಎಣಿಕೆಯ ಪಾಲು ಹೆಚ್ಚು. ಗೊತ್ತಿರುವ ಕಥೆಯನ್ನು ಮತ್ತೆ ಹೇಳುವ ಕವಿಗೆ ಮುಂದೇನು ಎಂಬ ಕುತೂಹಲದ ಊರುಗೋಲು ಇರುವುದಿಲ್ಲ. ಅವನು ಬೇರೆಡೆ ಬಲ ಹುಡುಕಲೇಬೇಕು. ಅಭಿಮಾನಿ ಬರಹಗಾರರು ರನ್ನನಿಗೆ ಸಮ ಎಂದು ಹೇಳುತ್ತಿಲ್ಲ; ಅವರ ಮುಂದಿರುವ ಕಷ್ಟ ರನ್ನನ ಮುಂದಿದ್ದ ಜಾತಿಯದೇ ಎನ್ನುತ್ತಿದ್ದೇನೆ. ಇನ್ನು ಎರವಲಿನ ನೀತಿಯ ಪ್ರಶ್ನೆ. 173ನೆಯ ಬರಹಕ್ಕೆ ಬಳಸಿದ್ದ ಚಿತ್ರ ಇಝುಮಿ ಕಾಟೊ ಎಂಬ ಜಪಾನಿ ಕಲಾವಿದರ ಶಿಲ್ಪದ್ದು. ಅವರ ಮೇಲಿನ ಗೌರವದಿಂದ 2022ರಲ್ಲಿ ಅದನ್ನು ತೆಗೆಯಲಾಯಿತು. ಚಿತ್ರ ಹೋದ ಮೇಲೂ ಬರಹ ನಿಂತಿದೆ. ಅದು ನಿಂತಿದ್ದುದು ಚಿತ್ರದ ಮೇಲಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಾಲ್ಕನೆಯದು ಮತದಾನದ ಬಗ್ಗೆ. ಜನರ ಅಂಕದಿಂದ ಗೆಲುವನ್ನು ನಿರ್ಧರಿಸಿದರೆ ಹೆಸರುವಾಸಿಗಳೇ ಗೆಲ್ಲುತ್ತಾರೆ, ಅಗ್ಗದ ತಂತ್ರಗಳಿಗೆ ಬೆಲೆ ಬರುತ್ತದೆ ಎನ್ನುತ್ತಾರೆ. ಮೊದಲ ಅರ್ಧ ನಿಜ. ಪರಿಚಿತ ಹೆಸರಿಗೆ ಓದುಗರು ಬೇಗ ಕೂಡುತ್ತಾರೆ, ಹೊಸಬರ ಒಳ್ಳೆಯ ಬರಹ ಮೂಲೆಗೆ ಸೇರುವುದುಂಟು. ತೀರ್ಪುಗಾರರ ಮಂಡಳಿಗಳಲ್ಲೂ ಈ ದೋಷ ಇಲ್ಲದಿಲ್ಲ. ಎರಡನೆಯ ಅರ್ಧವನ್ನು ಮಾತ್ರ ಒಪ್ಪಲಾರೆ. ಸಿನಿಮಾದಲ್ಲಿ ಬೆಕ್ಕು ನೆಗೆದರೆ, ಬಾಗಿಲು ಬಡಿದರೆ ಪ್ರೇಕ್ಷಕ ಬೆಚ್ಚುತ್ತಾನೆ. ಗದ್ಯದಲ್ಲಿ ಆ ಅನುಕೂಲವಿಲ್ಲ. ಕಡತದ ರೂಪವಂತೂ ಉದ್ಗಾರ, ವಿಶೇಷಣ, ಭಾವುಕತೆಗಳನ್ನು ಸಹಿಸುವುದಿಲ್ಲ. ರೂಪವೇ ಅಗ್ಗದ ತಂತ್ರಗಳ ಬಾಗಿಲು ಮುಚ್ಚಿರುವಾಗ ಓದುಗರು ಅಂಕ ಕೊಡಬೇಕಾದದ್ದು ರಚನೆಗೆ. 2017ರಲ್ಲಿ ಅವರು ಗೆಲ್ಲಿಸಿದ್ದು ಆ ಲೋಕದ ತಮ್ಮದೇ ನಿಶ್ಚಿಂತೆಗೆ ಬೆಲೆ ಕೇಳಿದ ಬರಹವನ್ನು. ಆ ತೀರ್ಪನ್ನು ಅಗ್ಗ ಎನ್ನುವುದು ಕಷ್ಟ.

ಕೊನೆಯದು, ನಿಜವಾದ ಸಂಕಟ ತುಂಬಿರುವ ಜಗತ್ತಿನಲ್ಲಿ ಕಲ್ಪಿತ ಸಂಕಟದ ಆಟ ಸಲ್ಲದು ಎಂಬ ನೈತಿಕ ಆಕ್ಷೇಪ. ಬರೀ ರಕ್ತ ಚೆಲ್ಲುವ ಬರಹಗಳ ಮಟ್ಟಿಗೆ ಇದನ್ನು ಒಪ್ಪೋಣ. ಆದರೆ ಲೆಕ್ಕವನ್ನು ನೆಚ್ಚಿದ ಕಥನ ನಿಜದ ಸಂಕಟಕ್ಕೆ ಹತ್ತಿರದಲ್ಲೇ ಇದೆ. 1990ರ ದಶಕದ ಸರಾಯೆವೊ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ನಾಗರಿಕರ ಬದುಕಿನಿಂದ ಪ್ರೇರಣೆ ಪಡೆದು ಪೋಲೆಂಡಿನವರು 2014ರಲ್ಲಿ ‘ದಿಸ್ ವಾರ್ ಆಫ್ ಮೈನ್’ ಎಂಬ ಆಟ ಮಾಡಿದರು. ಅದರಲ್ಲಿ ದೆವ್ವವಿಲ್ಲ, ಅನ್ನ, ಔಷಧಿ, ಸೌದೆ, ನಿದ್ದೆಯ ಎಣಿಕೆ ಇದೆ, ಪಕ್ಕದ ಮನೆಯ ಮುದುಕರ ಔಷಧಿ ಕದಿಯಬೇಕೆ ಎಂಬ ಪ್ರಶ್ನೆ ಇದೆ. 2020ರಲ್ಲಿ ಪೋಲೆಂಡ್ ಸರ್ಕಾರ ಅದನ್ನು ಶಾಲೆಗಳ ಐಚ್ಛಿಕ ಓದಿನ ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು. ಭಯಕಥೆ ಕಲಿಸಿದ ಎಣಿಕೆಯನ್ನು ಯುದ್ಧದ ಕಥೆ ಬಳಸಿಕೊಂಡಿದೆ. ‘ಅನಂತಶೇಷ’ ಕೇಳುವ ಪ್ರಶ್ನೆಯೂ, ಯಾರದೋ ನೆಮ್ಮದಿಗೆ ಯಾರು ಬಲಿಯಾಗುತ್ತಿದ್ದಾರೆ ಎಂಬುದು, ಕಲ್ಪನಾಲೋಕಕ್ಕೆ ಮಾತ್ರ ಸೇರಿದ್ದಲ್ಲ.

6

ಈ ವಾದದಿಂದ ಹೊರಡುವ ಎರಡು ಕಿವಿಮಾತುಗಳನ್ನು ಹೇಳಿ ಮುಗಿಸುತ್ತೇನೆ. ಒಂದು ಬರೆಯುವವರಿಗೆ. ಕನ್ನಡದಲ್ಲಿ ಭಯಕಥೆ ಬರೆಯಹೊರಟ ಎಳೆಯರು ಸ್ಮಶಾನ, ಅಮಾವಾಸ್ಯೆ, ಗೆಜ್ಜೆ ಸದ್ದುಗಳನ್ನು ಮೊದಲು ಜೋಡಿಸಿಕೊಳ್ಳುತ್ತಾರೆ. ಅವು ಬೇಡವೆಂದಲ್ಲ, ಅವಕ್ಕಿಂತ ಮೊದಲು ತಮ್ಮ ಪಾತ್ರದ ಬಳಿ ಏನಿದೆ, ಅದು ಯಾವ ಪುಟದಲ್ಲಿ ಎಷ್ಟಕ್ಕಿಳಿಯುತ್ತದೆ, ಆ ಇಳಿಕೆ ಓದುಗರಿಗೆ ಗೊತ್ತಾಗುವಂತೆ ಬಂದಿದೆಯೇ ಎಂದು ಕೇಳಿಕೊಂಡರೆ ಅರ್ಧ ಕೆಲಸ ಆದಂತೆ. ಮಾಮೂಲಿ ದಿನವೊಂದರ ಪೂರ್ತಿ ವಿವರ ಮೊದಲಲ್ಲಿ ಇರಲೇಬೇಕು, ಏಕೆಂದರೆ ಕಳೆಯುವ ಲೆಕ್ಕಕ್ಕೆ ಮೂಲಧನ ಅದೇ. ಇನ್ನೊಂದು ಸ್ಪರ್ಧೆ ನಡೆಸುವವರಿಗೆ. ನಮ್ಮ ಕಥಾಸ್ಪರ್ಧೆಗಳು ವಸ್ತುವಿನ ಹೊಸತನಕ್ಕೆ ಕೊಡುವ ಮನ್ನಣೆಯನ್ನು ಕೊಟ್ಟ ವಸ್ತುವಿನಲ್ಲಿ ಮಾಡಿದ ಕೆಲಸಕ್ಕೆ ಕೊಡುವುದಿಲ್ಲ. ಎಲ್ಲರಿಗೂ ಒಂದೇ ಲೋಕ, ಒಂದೇ ನಿಯಮ, ಒಂದೇ ಪಿಶಾಚಿಯನ್ನು ಕೊಟ್ಟು ಬರೆಸುವ ಸ್ಪರ್ಧೆಯೂ ಇರಲಿ. ಸಮಸ್ಯಾಪೂರ್ತಿಯನ್ನು ಮೆಚ್ಚುತ್ತಾ ಬಂದ ಅವಧಾನದ ಪರಂಪರೆ ನಮ್ಮಲ್ಲಿ ಇನ್ನೂ ಜೀವಂತವಾಗಿರುವಾಗ ಅದು ಪರಕೀಯವಾಗಿ ಕಾಣಬೇಕಿಲ್ಲ. ಸಾಮಗ್ರಿ ಸಮಾನವಾಗಿ ಹಂಚಿದ ಮೇಲೆ ಲೇಖಕನ ಬಳಿ ಉಳಿಯುವುದು ಅವನ ಕಸುಬು ಮಾತ್ರ. ತೀರ್ಪು ಕೊಡಬೇಕಾದದ್ದು ಅದಕ್ಕೆ.